ಕಾಯಿಲೆ ಏನು ಅಂತ ಯಾರಿಗೂ ಗೊತ್ತಾಗುತ್ತಿಲ್ಲವೇ? ಮನೆಯವರ ರೋಗಪತ್ತೆಗೆ ಹಂತ ಹಂತದ ದಾರಿ

"ಎಲ್ಲಾ ಟೆಸ್ಟ್ ಮಾಡಿಸಿದ್ವಿ, ಎಲ್ಲಾ ನಾರ್ಮಲ್. ಆದ್ರೂ ಅಮ್ಮ ದಿನದಿಂದ ದಿನಕ್ಕೆ ಸೊರಗ್ತಾ ಇದ್ದಾರೆ." ಈ ಮಾತು ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಜೊತೆಗೆ ಮೆಡಿಕಲ್ ಶಾಪಿನ ಕವರಿನಲ್ಲಿ ತುರುಕಿದ ರಿಪೋರ್ಟುಗಳ ಕಂತೆ. ಅದರಲ್ಲಿ ಮೂರು ಲ್ಯಾಬಿನ ಥೈರಾಯ್ಡ್ ರಿಪೋರ್ಟ್ ಇರುತ್ತದೆ. ಜ್ವರ ಯಾವತ್ತು ಶುರುವಾಯಿತು ಅನ್ನುವುದು ಮಾತ್ರ ಎಲ್ಲೂ ಬರೆದಿರುವುದಿಲ್ಲ.

ಹೆಚ್ಚಿನವರು ಸೋಲುವುದು ಟೆಸ್ಟ್ ಕಡಿಮೆಯಾಗಿ ಅಲ್ಲ, ಕ್ರಮ ತಪ್ಪಿ. ಕಾಯಿಲೆಯ ಕಥೆ ಮೊದಲು, ಟೆಸ್ಟ್ ಆಮೇಲೆ, ಔಷಧಿ ಅದರ ಆಮೇಲೆ. ನಮ್ಮಲ್ಲಿ ಆಗುವುದು ಪೂರಾ ಉಲ್ಟಾ: ಮೊದಲು ಇಂಜೆಕ್ಷನ್, ಆಮೇಲೆ ಟೆಸ್ಟ್. ಕಥೆ ಕೇಳುವವರು ಯಾರೂ ಇಲ್ಲ.

ಇಲ್ಲಿ ಮನೆಮದ್ದು ಹೇಳುತ್ತಿಲ್ಲ. ಲಕ್ಷಣ ನೋಡಿ ನೀವೇ ಕಾಯಿಲೆ ಗುರುತಿಸಿ ಅಂತಲೂ ಹೇಳುತ್ತಿಲ್ಲ. ಪತ್ತೆ ಮಾಡುವುದು ಡಾಕ್ಟರ ಕೆಲಸ. ಆ ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನು ಸರಿಯಾದ ಹೊತ್ತಿಗೆ, ಸರಿಯಾದ ಸಾಲಿನಲ್ಲಿ ಒದಗಿಸುವುದು ಮನೆಯವರ ಕೆಲಸ.

ಹಂತ 1: ಇದು ಕಾಯುವ ಕಾಯಿಲೆಯೇ, ಓಡುವ ಕಾಯಿಲೆಯೇ?

ಕೆಳಗಿನ ಯಾವುದೇ ಒಂದು ಕಂಡರೆ ಮುಂದೆ ಓದಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಎಮರ್ಜೆನ್ಸಿಗೆ ಹೋಗಿ.

- ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಒಂದು ಕಡೆಯ ಕೈ ಕಾಲು ಸೋಲುವುದು. ಕಡಿಮೆಯಾಯಿತು ಅನ್ನಿಸಿದರೂ ಹೋಗಲೇಬೇಕು.
- ಎದೆನೋವು, ಮಲಗಿದರೆ ಉಸಿರು ಕಟ್ಟುವುದು.
- ಜ್ವರದ ಜೊತೆ ಕುತ್ತಿಗೆ ಬಿಗಿತ, ಬಡಬಡಿಕೆ ಅಥವಾ ಮಂಪರು.
- ಮೊದಲ ಸಲ ಬಂದ ಫಿಟ್ಸ್.
- ಪಾದದಿಂದ ಶುರುವಾಗಿ ದಿನೇ ದಿನೇ ಮೇಲೇರುವ ನಿಶ್ಶಕ್ತಿ. ಇದು ಉಸಿರಾಟದ ಸ್ನಾಯುಗಳಿಗೆ ತಲುಪುವ ಮುಂಚೆ ವೆಂಟಿಲೇಟರ್ ಇರುವ ಆಸ್ಪತ್ರೆಯಲ್ಲಿ ಇರಬೇಕು.
- ಬೆನ್ನುನೋವಿನ ಜೊತೆ ಕಾಲು ಮರಗಟ್ಟಿ, ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು.
- ರಕ್ತ ವಾಂತಿ, ಟಾರಿನ ಹಾಗೆ ಕಪ್ಪಗಿನ ಮಲ, ಮೂತ್ರ ನಿಂತುಹೋಗುವುದು.

ಇನ್ನು ಕೆಲವು ಈ ರಾತ್ರಿಯೇ ಓಡಬೇಕಾದವಲ್ಲ, ಆದರೆ ಈ ವಾರ ತೋರಿಸಲೇಬೇಕಾದವು. ಡಯಟ್ ಏನೂ ಮಾಡದೆ ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕ ಶೇಕಡಾ 5ಕ್ಕಿಂತ ಜಾಸ್ತಿ ಇಳಿದರೆ, ಅಂದರೆ 60 ಕೆಜಿ ಇದ್ದವರು 57ಕ್ಕಿಂತ ಕೆಳಗೆ ಬಂದರೆ, ಅದನ್ನು "ಸ್ವಲ್ಪ ತೆಳ್ಳಗಾಗಿದ್ದಾರೆ" ಅಂತ ಬಿಡಬೇಡಿ. 101 ಡಿಗ್ರಿ ದಾಟುವ ಜ್ವರ ಮೂರು ವಾರವಾದರೂ ಬಿಡದಿದ್ದರೆ ಅದನ್ನು ಹುಡುಕುವ ವಿಧಾನವೇ ಬೇರೆ. ಕ್ಲಿನಿಕ್‌ನಲ್ಲಿ ಮಾತ್ರೆ ಬದಲಿಸುತ್ತಾ ಕೂರುವ ಹಂತ ಮುಗಿದಿದೆ ಅಂತಲೇ ಅರ್ಥ.

ವಯಸ್ಸಾದವರ ವಿಷಯದಲ್ಲಿ ಒಂದು ಮಾತು. ಚೆನ್ನಾಗಿದ್ದ ಅಜ್ಜ ಹದಿನೈದು ದಿನದಲ್ಲಿ ಮಂಕಾದರೆ, ಹೆಸರು ಮರೆತರೆ, ಅದು "ವಯಸ್ಸಾಯ್ತು" ಅಲ್ಲ. ಸೋಡಿಯಂ ಇಳಿದಿರಬಹುದು. ಬಿಪಿಗೆ ಕೊಡುವ ನೀರಿನ ಮಾತ್ರೆಯಿಂದಲೂ ಹೀಗಾಗುತ್ತದೆ. ಮೂತ್ರದ ಸೋಂಕಿರಬಹುದು. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ತಲೆಗೆ ಚೂರು ತಗುಲಿದ್ದು, ನಿಧಾನವಾಗಿ ಮಿದುಳಿನ ಮೇಲೆ ರಕ್ತ ಕಟ್ಟಿರಬಹುದು. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವವರಲ್ಲಿ ಇದು ಜಾಸ್ತಿ. ಮೂರಕ್ಕೂ ಚಿಕಿತ್ಸೆ ಇದೆ.

ಹಂತ 2: ಒಂದೇ ಪುಟದ ಕಥೆ

ಇಡೀ ಕೆಲಸದಲ್ಲಿ ಇದು ಮುಖ್ಯ, ಮತ್ತು ಜನ ಬಿಟ್ಟುಬಿಡುವುದೂ ಇದನ್ನೇ. ಬೇಕಾದ ಸಾಮಾನು: ಎ4 ಹಾಳೆ, ಪೆನ್ನು, ಡಿಜಿಟಲ್ ಥರ್ಮಾಮೀಟರ್, ತೂಕದ ಯಂತ್ರ, ಪ್ಲಾಸ್ಟಿಕ್ ಹಾಳೆಗಳಿರುವ ಒಂದು ಫೈಲು, ಫೋನು.

ಬರೆಯುವವರು ಮನೆಯಲ್ಲಿ ಒಬ್ಬರೇ ಇರಲಿ. ಮಗ ಅಮೆರಿಕದಿಂದ ವಾಟ್ಸಾಪ್‌ನಲ್ಲಿ ಒಂದು ಡಾಕ್ಟರನ್ನು ಹುಡುಕಿ, ಅಳಿಯ ಇಲ್ಲಿ ಇನ್ನೊಬ್ಬರ ಹತ್ತಿರ ಕರೆದುಕೊಂಡು ಹೋಗಿ, ಅತ್ತಿಗೆ ಮೂರನೆಯವರಿಂದ ಮಾತ್ರೆ ತಂದರೆ ಕಥೆ ಹರಿದು ಹೋಳಾಗುತ್ತದೆ. ದೂರದಲ್ಲಿರುವವರು ರಿಪೋರ್ಟ್ ಸ್ಕ್ಯಾನ್ ಮಾಡಿ ದಿನಾಂಕದ ಪ್ರಕಾರ ಜೋಡಿಸುವ ಕೆಲಸ ಹಿಡಿದುಕೊಳ್ಳಲಿ. ಅದು ದೊಡ್ಡ ಉಪಕಾರವೇ.

ಪುಟ ಹೀಗಿರಬೇಕು. ಉದಾಹರಣೆಗಾಗಿ ಕಟ್ಟಿದ್ದು:

*ಗಂಡಸು, 46 ವರ್ಷ, ಹೈನುಗಾರಿಕೆ ಮತ್ತು ತೋಟ. ಸಕ್ಕರೆ, ಬಿಪಿ ಇಲ್ಲ. ಜೂನ್ ತನಕ ಪೂರ್ತಿ ಆರಾಮು, ತೂಕ 68.*

*ಆಗಸ್ಟ್ 12: ಸಂಜೆ ಚಳಿ, ಜ್ವರ 101. ರಾತ್ರಿ ಬೆವರಿ ಬನಿಯನ್ ಒದ್ದೆ. ಬೆಳಿಗ್ಗೆ ಆರಾಮು.*

*ಆಗಸ್ಟ್ 16: ಹತ್ತಿರದ ಕ್ಲಿನಿಕ್. ವೈಡಾಲ್ ರಕ್ತಪರೀಕ್ಷೆ ಪಾಸಿಟಿವ್, ಟೈಫಾಯ್ಡ್ ಎಂದರು. ಇಂಜೆಕ್ಷನ್ 3 ದಿನ, ಮಾತ್ರೆ 5 ದಿನ (ಚೀಟಿ ಫೈಲಿನಲ್ಲಿದೆ). ನಾಲ್ಕು ದಿನ ಜ್ವರ ಕಡಿಮೆ, ಮತ್ತೆ ಬಂತು.*

*ಆಗಸ್ಟ್ 30ರಿಂದ: ಸೊಂಟದ ಬಲಗಡೆ ನೋವು, ಕೂತು ಏಳಲು ಕಷ್ಟ.*

*ಸೆಪ್ಟೆಂಬರ್ 18: ತೂಕ 62. ಕೆಮ್ಮಿಲ್ಲ, ಭೇದಿಯಿಲ್ಲ. ಊಟ ಅರ್ಧಕ್ಕೆ ಇಳಿದಿದೆ.*

*ಇತರೆ: ಜುಲೈನಲ್ಲಿ ಕೊಟ್ಟಿಗೆಯ ಹಸು ಕಂದು ಹಾಕಿತು. ಮಾಸು ಎತ್ತಿ ಹಾಕಿದ್ದು ಇವರೇ, ಬರಿಗೈಯಲ್ಲಿ.*

ಕೊನೆಯ ಸಾಲು ನೋಡಿ. ಹಸುವಿನ ಮಾತು ಡಾಕ್ಟರಿಗೆ ಯಾಕೆ ಅಂತ ಮನೆಯವರು ಹೇಳುವುದೇ ಇಲ್ಲ. ಆದರೆ ಬ್ರುಸೆಲ್ಲಾ (ದನಗಳಿಂದ ಮನುಷ್ಯರಿಗೆ ಹರಡುವ ಸೋಂಕು) ಟೆಸ್ಟ್ ಬರೆಯುವ ಯೋಚನೆ ಬರುವುದು ಆ ಸಾಲಿನಿಂದ. ಅದಿಲ್ಲದಿದ್ದರೆ ಇದು ಇನ್ನೊಂದು "ಮರುಕಳಿಸಿದ ಟೈಫಾಯ್ಡ್" ಆಗಿ ಇನ್ನೊಂದು ತಿಂಗಳು ಎಳೆಯುತ್ತದೆ.

ಪುಟದಲ್ಲಿ ಕಾಯಿಲೆಯ ಹೆಸರುಗಳನ್ನು ತುಂಬಬೇಡಿ, ಕಂಡಿದ್ದನ್ನು ಬರೆಯಿರಿ. "ಗ್ಯಾಸ್ಟ್ರಿಕ್" ಅನ್ನಬೇಡಿ. "ಊಟವಾದ ಅರ್ಧ ಗಂಟೆಗೆ ಹೊಕ್ಕುಳ ಮೇಲೆ ನೋವು, ವಾಂತಿಯಾದರೆ ಕಡಿಮೆ" ಅನ್ನಿ. "ವೀಕ್‌ನೆಸ್" ಅನ್ನುವ ಮಾತಿಗೂ ಇದೇ ಪಾಡು. ಮೆಟ್ಟಿಲು ಹತ್ತಲಾಗುವುದಿಲ್ಲವೋ, ತಲೆ ಬಾಚಲು ಕೈ ಎತ್ತಲಾಗುವುದಿಲ್ಲವೋ, ಉಸಿರು ಸಾಲುವುದಿಲ್ಲವೋ, ಬರೀ ಮಲಗಿರಬೇಕು ಅನ್ನಿಸುತ್ತದೆಯೋ? ನಾಲ್ಕೂ ಬೇರೆ ಬೇರೆ ದಾರಿಗೆ ಹೋಗುತ್ತವೆ.

ಹಂತ 3: ಮನೆಯಲ್ಲೇ ಕೇಳಬೇಕಾದ ಪ್ರಶ್ನೆಗಳು

ಒಂದು ಸಂಜೆ ಕೂತು ಕೇಳಿ. ಉತ್ತರ ಪುಟದ ಹಿಂಬದಿಗೆ.

ಪ್ರಾಣಿ, ಕಾಡು, ಗದ್ದೆ: ಹಸಿ ಹಾಲು ಕುಡಿಯುತ್ತಾರಾ? ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ಇಳಿದಿದ್ದರಾ? ಇಲಿಜ್ವರ ಹಾಗೆಯೇ ಬರುವುದು. ಪೊದೆ, ಹುಲ್ಲು ಸವರಿದ್ದರಾ? ಹಾಗಿದ್ದರೆ ಕಂಕುಳು, ತೊಡೆಸಂದು, ಎದೆಯ ಕೆಳಗೆ, ಬೆಲ್ಟ್ ಕಟ್ಟುವ ಜಾಗದಲ್ಲಿ ನೋವಿಲ್ಲದ ಕಪ್ಪು ಹೆಕ್ಕಳೆಯ ಸಣ್ಣ ಹುಣ್ಣಿದೆಯಾ ನೋಡಿ. ಸಿಗರೇಟಿನಿಂದ ಸುಟ್ಟ ಹಾಗಿರುತ್ತದೆ. ಸ್ಕ್ರಬ್ ಟೈಫಸ್ ಜ್ವರದ ಗುರುತು ಅದು. ರೋಗಿಗೇ ಗೊತ್ತಿರುವುದಿಲ್ಲ. ಎಲ್ಲರಲ್ಲೂ ಇರುವುದೂ ಇಲ್ಲ. ಮಲೆನಾಡಿನವರಾದರೆ ಆಸುಪಾಸಿನಲ್ಲಿ ಮಂಗಗಳು ಸತ್ತಿವೆಯಾ, ಕಾಡಿಗೆ ಸೊಪ್ಪು ಸೌದೆಗೆ ಹೋಗಿದ್ದರಾ, ಉಣ್ಣೆ ಕಚ್ಚಿತ್ತಾ ಅಂತ ಹೇಳಲೇಬೇಕು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆಯ ಆಸುಪಾಸಿನ ತಿಂಗಳುಗಳಲ್ಲಿ ಬರುತ್ತಲೇ ಇದೆ. ಬೆಂಗಳೂರಿನ ಡಾಕ್ಟರಿಗೆ ನೀವು ಯಾವ ಊರಿನವರು ಅಂತ ಹೇಳದಿದ್ದರೆ ಅದು ಹೊಳೆಯುವುದಾದರೂ ಹೇಗೆ?

ನೀರು: ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಬೋರ್‌ವೆಲ್ ನೀರು ಕುಡಿದು ಸೊಂಟ, ಕುತ್ತಿಗೆ ಬಿಗಿಯಾಗಿ, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದರೆ ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು.

ವಂಶ: ಅಜ್ಜ ಅಜ್ಜಿ, ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳು, ಎಲ್ಲರನ್ನೂ ಸೇರಿಸಿ ಮೂರು ತಲೆಮಾರಿನ ನಕ್ಷೆ ಬರೆಯಿರಿ. ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಮಕ್ಕಳು, ನಡೆಯಲಾಗದೆ ಹೋದವರು, ಇದ್ದಕ್ಕಿದ್ದಂತೆ ಹೋದವರು ಬಿಟ್ಟುಹೋಗಬಾರದು. ಸೋದರಮಾವನ ಜೊತೆ ಮದುವೆ, ಅತ್ತೆ ಮಗನ ಜೊತೆ ಮದುವೆ ನಮ್ಮಲ್ಲಿ ಸಾಮಾನ್ಯ. ನಾಚಿಕೊಂಡು ಮುಚ್ಚಿಡಬೇಡಿ. ತಂದೆ ತಾಯಿ ಇಬ್ಬರಿಂದಲೂ ಒಂದೇ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳ ಸಾಲೇ ಇದೆ. ಊರಲ್ಲಿ ಬೇರೆಯವರಿಗೂ ಇದೇ ತೊಂದರೆ ಇದೆಯಾ ಅಂತಲೂ ಕೇಳಿ. ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಸೊಂಟ, ಮಂಡಿಯ ಕೀಲು ಸವೆದು ನಡೆಯಲಾಗದಂತೆ ಮಾಡುವ ಕಾಯಿಲೆ ಒಬ್ಬೊಬ್ಬರನ್ನೇ ನೋಡಿದರೆ ಬರೀ ಕೀಲುನೋವು. ಮನೆತನ ಮನೆತನವೇ ನರಳುತ್ತಿದೆ ಅಂತ ಗೊತ್ತಾದ ಮೇಲೆಯೇ ಅದು ವಂಶದಲ್ಲಿ ಹರಿದುಬರುವ ಮೂಳೆಯ ಕಾಯಿಲೆ ಅನ್ನುವ ದಾರಿ ತೆರೆದಿದ್ದು.

ಹಂತ 4: ಔಷಧಿ ಡಬ್ಬಿ ಪೂರ್ತಿ ಸುರಿಯಿರಿ

ಮಂಚದ ಮೇಲೆ ಒಂದು ಟವಲ್ ಹಾಸಿ, ರೋಗಿ ಕಳೆದ ಆರು ತಿಂಗಳಲ್ಲಿ ತಗೊಂಡಿದ್ದನ್ನೆಲ್ಲ ಅದರ ಮೇಲೆ ಇಡಿ. ಇಂಗ್ಲಿಷ್ ಮಾತ್ರೆ, ಆಯುರ್ವೇದದ ಭಸ್ಮ, ನಾಟಿ ವೈದ್ಯರ ಪುಡಿ, ಕೂದಲಿಗೆ ತಗೊಳ್ಳುವ ಕ್ಯಾಪ್ಸೂಲ್, ಜಿಮ್ ಪೌಡರ್, ಮೆಡಿಕಲ್‌ನವರು ಚೀಟಿ ಇಲ್ಲದೆ ಕೊಟ್ಟ ನೋವಿನ ಮಾತ್ರೆ. ಹೆಸರು ಕಾಣುವ ಹಾಗೆ ಫೋಟೊ ತೆಗೆಯಿರಿ.

ಏಕೆಂದರೆ ಕೆಲವೊಮ್ಮೆ ಕಾಯಿಲೆ ಇರುವುದೇ ಡಬ್ಬಿಯಲ್ಲಿ. ಹೆಸರಿಲ್ಲದ ಕೀಲುನೋವಿನ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಎರಡು ದಿನದಲ್ಲಿ ಪವಾಡ, ಆರು ತಿಂಗಳಲ್ಲಿ ಊದಿದ ಮುಖ, ಏರಿದ ಸಕ್ಕರೆ, ಸೋತ ತೊಡೆ. ಅದನ್ನು ದಿಢೀರನೆ ನಿಲ್ಲಿಸುವುದೂ ಅಪಾಯ, ಡಾಕ್ಟರ್ ಹೇಳಿದ ಹಾಗೆಯೇ ಇಳಿಸಬೇಕು. ಸರಿಯಾಗಿ ತಯಾರಾಗದ ಭಸ್ಮಗಳಿಂದ ಸೀಸ ಮೈಗೆ ಸೇರಿ ಹೊಟ್ಟೆನೋವು, ರಕ್ತಹೀನತೆ ಬರುವುದುಂಟು. ಬೈತಾರೆ ಅಂತ ಹೆದರಿ ನಾಟಿ ಔಷಧಿ ಮುಚ್ಚಿಡುವವರೇ ಜಾಸ್ತಿ. ಬೈದರೆ ಬೈಸಿಕೊಳ್ಳಿ, ಆದರೆ ಹೇಳಿ.

ಹಂತ 5: ಬಂದುಹೋಗುವ ಲಕ್ಷಣವನ್ನು ಹಿಡಿದಿಡಿ

ಡಾಕ್ಟರ ಮುಂದೆ ಕೂತಾಗ ಏನೂ ಇರುವುದಿಲ್ಲ, ಅಲ್ವಾ? ಅದಕ್ಕೆ ಫೋನು.

ಬೆಳಿಗ್ಗೆ ಸರಿಯಿದ್ದ ಕಣ್ಣಿನ ರೆಪ್ಪೆ ಸಂಜೆಗೆ ಇಳಿಬಿದ್ದರೆ, ಬೆಳಿಗ್ಗೆ ಒಂದು ಫೋಟೊ, ಸಂಜೆ ಒಂದು. ಆ ಎರಡು ಫೋಟೊ ಮಯಸ್ತೇನಿಯಾ ಎಂಬ, ಸ್ನಾಯುಗಳು ಬೇಗ ದಣಿಯುವ ಕಾಯಿಲೆಯತ್ತ ನೇರವಾಗಿ ಬೆರಳು ತೋರಿಸಬಹುದು. ಫಿಟ್ಸ್ ಥರದ್ದು ಬಂದರೆ ರೋಗಿಯನ್ನು ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ತುರುಕದೆ, ಇನ್ನೊಬ್ಬರು ವಿಡಿಯೊ ಮಾಡಲಿ. ಮುಖ, ಕಣ್ಣು, ಎರಡೂ ಕೈ ಕಾಣಬೇಕು. ಕೀಲು ಊದಿದ್ದು, ಮೈಮೇಲೆ ಬಂದ ದದ್ದು ಬಂದ ದಿನವೇ ಫೋಟೊ ಆಗಲಿ, ಹಗಲು ಬೆಳಕಿನಲ್ಲಿ.

ಜ್ವರವನ್ನು ದಿನಕ್ಕೆ ನಾಲ್ಕು ಸಲ ಅಳೆದು ಗಂಟೆ ಸಮೇತ ಬರೆಯಿರಿ. ಪ್ಯಾರಾಸಿಟಮಾಲ್ ಕೊಟ್ಟ ಹೊತ್ತೂ ಪಕ್ಕದಲ್ಲಿರಲಿ. "ಮುಟ್ಟಿ ನೋಡಿದೆ, ಬಿಸಿ ಇತ್ತು" ಅನ್ನುವುದು ಲೆಕ್ಕಕ್ಕಿಲ್ಲ. ತೂಕ ವಾರಕ್ಕೊಮ್ಮೆ, ಅದೇ ಯಂತ್ರದಲ್ಲಿ.

ಹಂತ 6: ಒಬ್ಬ ಡಾಕ್ಟರನ್ನು ಹಿಡಿದುಕೊಳ್ಳಿ

ಗೊತ್ತಿಲ್ಲದ ಕಾಯಿಲೆಗೆ ಮೊದಲು ನೋಡಬೇಕಾದವರು ಸ್ಪೆಷಲಿಸ್ಟ್ ಅಲ್ಲ, ಜನರಲ್ ಮೆಡಿಸಿನ್ ಡಾಕ್ಟರು, ಅಂದರೆ ಫಿಸಿಶಿಯನ್. ಮಕ್ಕಳಿಗಾದರೆ ಮಕ್ಕಳ ಡಾಕ್ಟರು. ತಲೆನೋವಿಗೆ ನರದವರು, ಹೊಟ್ಟೆಗೆ ಗ್ಯಾಸ್ಟ್ರೋದವರು, ಸುಸ್ತಿಗೆ ಹಾರ್ಟಿನವರು ಅಂತ ನೀವೇ ಹಂಚಿಕೊಂಡು ಹೋದರೆ ಕುರುಡರು ಆನೆ ಮುಟ್ಟಿದ ಹಾಗೆ. ಎಲ್ಲರ ಅಭಿಪ್ರಾಯವನ್ನೂ ಒಂದು ಕಡೆ ಕೂಡಿಸುವವರು ಬೇಕು.

ಜಿಲ್ಲಾ ಆಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗ ಇದಕ್ಕೆ ಒಳ್ಳೆಯ ಜಾಗ. ಮೈಸೂರಿನ ಕೆ.ಆರ್. ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ, ಮಂಗಳೂರಿನ ವೆನ್ಲಾಕ್ ಅಂಥವು. ಕಾಯುವುದು ಜಾಸ್ತಿ, ನಿಜ. ಆದರೆ ಎಲ್ಲ ವಿಭಾಗಗಳೂ ಕೂಗಳತೆಯಲ್ಲಿರುತ್ತವೆ. ಕಲಿಯುವ ಡಾಕ್ಟರುಗಳು ಕಥೆಯನ್ನು ಬಿಡಿಸಿ ಬಿಡಿಸಿ ಕೇಳುತ್ತಾರೆ. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ.

ಎಷ್ಟು ದಿನ ನಂಬಿ ಕಾಯಬೇಕು? ಡಾಕ್ಟರ್ ಯೋಚಿಸುತ್ತಿದ್ದಾರೆ, ಮುಂದಿನ ಹೆಜ್ಜೆ ಹೇಳುತ್ತಿದ್ದಾರೆ ಅಂದರೆ ಬಿಡಬೇಡಿ. ಪ್ರತಿ ಸಲ ಮಾತ್ರೆ ಮಾತ್ರ ಬದಲಾಗಿ, ಮೈ ಮುಟ್ಟಿ ನೋಡದೆ ಹಳೇ ರಿಪೋರ್ಟ್ ತಿರುವಿಯೂ ಹಾಕದಿದ್ದರೆ ಬೇರೆಯವರನ್ನು ನೋಡಿ. ಹಾಗೆ ಹೋಗುವಾಗ ರೆಫರಲ್ ಚೀಟಿ ಕೇಳಿ ತಗೊಳ್ಳಿ.

ಹಂತ 7: ಸ್ಯಾಂಪಲ್ ಮೊದಲು, ಔಷಧಿ ಆಮೇಲೆ

ಅತಿ ಹೆಚ್ಚು ಕೇಸುಗಳು ಕೆಡುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ಓದಿ.

ಆ್ಯಂಟಿಬಯೋಟಿಕ್ ಶುರುವಾದ ಮೇಲೆ ಬ್ಲಡ್ ಕಲ್ಚರ್ (ರಕ್ತದಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಟೆಸ್ಟ್) ಕಳಿಸಿದರೆ ಕ್ರಿಮಿ ಬೆಳೆಯದೇ ಇರಬಹುದು. ರಿಪೋರ್ಟ್ "ನಾರ್ಮಲ್" ಅನ್ನುತ್ತದೆ, ಕಾಯಿಲೆ ಒಳಗೇ ಇರುತ್ತದೆ. ಆದ್ದರಿಂದ ಬಿಡದ ಜ್ವರಕ್ಕೆ ಇಂಜೆಕ್ಷನ್ ಚುಚ್ಚುವ ಮುಂಚೆ ಕೇಳಿ: "ಡಾಕ್ಟ್ರೇ, ಕಲ್ಚರಿಗೆ ಮೊದಲು ರಕ್ತ ತಗೊಳ್ಳಬೇಕಾ?" ಮೆದುಳು ಜ್ವರದಂಥ ತುರ್ತಿನಲ್ಲಿ ಮಾತ್ರ ಔಷಧಿ ತಡಮಾಡುವಂತಿಲ್ಲ, ಅದನ್ನು ಅವರೇ ನಿರ್ಧರಿಸುತ್ತಾರೆ.

ವೈಡಾಲ್ ಒಂದನ್ನೇ ನಂಬಿ ಟೈಫಾಯ್ಡ್ ಅನ್ನುವುದು ನಮ್ಮ ಕಡೆಯ ದೊಡ್ಡ ರೋಗ. ಹಿಂದೆಂದೋ ಬಂದ ಸೋಂಕು, ಬೇರೆ ಜ್ವರ, ಯಾವುದರಿಂದಲೂ ಅದು ಪಾಸಿಟಿವ್ ಬರಬಹುದು. "ವರ್ಷಕ್ಕೆ ಮೂರು ಸಲ ಟೈಫಾಯ್ಡ್" ಆಗಿದೆ ಅನ್ನುವವರ ಫೈಲಿನಲ್ಲಿ ಕಲ್ಚರ್ ರಿಪೋರ್ಟ್ ಇದೆಯಾ ಅಂತ ಮೊದಲು ಹುಡುಕಬೇಕು.

ಸ್ಟೀರಾಯ್ಡ್ ಇನ್ನೂ ಕಿಲಾಡಿ. ಕುತ್ತಿಗೆಯಲ್ಲಿ ಗಂಟಿದ್ದು, ಬಯಾಪ್ಸಿಗೆ (ತುಂಡು ತೆಗೆದು ಪರೀಕ್ಷೆ ಮಾಡುವುದಕ್ಕೆ) ಮುಂಚೆ ಸ್ಟೀರಾಯ್ಡ್ ಕೊಟ್ಟರೆ ಗಂಟು ಕರಗುತ್ತದೆ. ಎಲ್ಲರಿಗೂ ಖುಷಿ. ಅದು ಲಿಂಫೋಮಾ ಎಂಬ ಕ್ಯಾನ್ಸರ್ ಆಗಿದ್ದರೆ ಗುರುತೇ ಅಳಿಸಿ, ಕೆಲವು ತಿಂಗಳಲ್ಲಿ ತಿರುಗಿ ಬರುತ್ತದೆ. ಹಾಗೆಯೇ, ಗಂಟಿಗೆಲ್ಲ "ಟಿಬಿ ಇರಬಹುದು, ಮಾತ್ರೆ ಕೊಟ್ಟು ನೋಡೋಣ" ಅಂದಾಗ ಬಯಾಪ್ಸಿ ಸಾಧ್ಯವೇ ಅಂತ ಒಮ್ಮೆ ಕೇಳಿ. ಸೂಜಿ ಹಾಕಿ ತೆಗೆಯುವ ಪರೀಕ್ಷೆಯಲ್ಲಿ ಗೊತ್ತಾಗದಿದ್ದರೆ ಪೂರ್ತಿ ಗಂಟು ತೆಗೆದು ನೋಡಬೇಕಾಗಬಹುದು. ತೆಗೆದ ತುಂಡನ್ನೆಲ್ಲ ಫಾರ್ಮಾಲಿನ್ ಬಾಟಲಿಗೆ ಹಾಕಿದರೆ ಅದರಿಂದ ಟಿಬಿ ಕಲ್ಚರ್ ಆಗುವುದಿಲ್ಲ. ಒಂದು ಚೂರು ಸಲೈನಿನಲ್ಲಿ ಬೇರೆ ಹೋಗಬೇಕು. ಆಪರೇಷನ್‌ಗೆ ಮುಂಚೆ ಸರ್ಜನ್‌ಗೆ ನೆನಪಿಸಿದರೆ ತಪ್ಪೇನಿಲ್ಲ.

ಬಿ12 ಇಂಜೆಕ್ಷನ್ ತಗೊಂಡ ಮೇಲೆ ಬಿ12 ಟೆಸ್ಟ್ ಮಾಡಿಸಿದರೆ ಅಂಕಿ ಮೇಲಿರುತ್ತದೆ, ಕಾಲು ಜುಮ್ಮೆನ್ನುವುದು ಹಾಗೇ ಇರುತ್ತದೆ. ಕೂದಲಿನ ಮಾತ್ರೆಯ ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನೇ ಸುಳ್ಳಾಗಿಸಬಲ್ಲದು, ಅದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ.

ಇನ್ನು ಟೆಸ್ಟುಗಳ ಸಾಲು. ಸಿಬಿಸಿ (ರಕ್ತಕಣಗಳ ಎಣಿಕೆ), ಇಎಸ್‌ಆರ್, ಸಿಆರ್‌ಪಿ (ಇವೆರಡೂ ಮೈಯೊಳಗಿನ ಉರಿಯೂತದ ಗುರುತು), ಸಕ್ಕರೆ, ಕ್ರಿಯಾಟಿನಿನ್ (ಕಿಡ್ನಿಗೆ), ಸೋಡಿಯಂ, ಪೊಟ್ಯಾಸಿಯಂ, ಲಿವರ್, ಥೈರಾಯ್ಡ್, ಬಿ12, ಎಚ್‌ಐವಿ, ಮೂತ್ರ, ಎದೆ ಎಕ್ಸ್‌ರೇ, ಹೊಟ್ಟೆ ಸ್ಕ್ಯಾನ್: ಇವು ತಳಪಾಯ. ಇಷ್ಟೂ ಆಗದೆ ಎಂಆರ್‌ಐಗೆ ಜಿಗಿಯುವುದು ದುಡ್ಡಿಗೆ ದಂಡ. "ಫುಲ್ ಬಾಡಿ ಚೆಕಪ್" ಪ್ಯಾಕೇಜು ಕೂಡ ಸುಮ್ನೆ. ಎಪ್ಪತ್ತು ಅಂಕಿಗಳಲ್ಲಿ ಎರಡು ಮೂರು ಕೆಂಪಾಗಿ ಬಂದೇ ಬರುತ್ತವೆ, ಅವುಗಳ ಹಿಂದೆ ಓಡಿ ತಿಂಗಳು ಕಳೆಯುತ್ತದೆ. ಎಎನ್‌ಎ ಎಂಬ ರಕ್ತಪರೀಕ್ಷೆ ಆರೋಗ್ಯವಂತರಲ್ಲೂ ಪಾಸಿಟಿವ್ ಬರಬಹುದು. ಲಕ್ಷಣವಿಲ್ಲದೆ ಅದೊಂದರಿಂದ ಲೂಪಸ್ (ರೋಗನಿರೋಧಕ ಶಕ್ತಿಯೇ ಮೈಮೇಲೆ ಬೀಳುವ ಕಾಯಿಲೆ) ಅಂತ ತೀರ್ಮಾನ ಮಾಡಿ ಗೂಗಲ್ ನೋಡಿ ಅಳಬೇಡಿ.

ಹಂತ 8: ಡಾಕ್ಟರ ಮುಂದಿನ ಹತ್ತು ನಿಮಿಷ

"ಸುಸ್ತು ಡಾಕ್ಟ್ರೇ, ಟೈಫಾಯ್ಡ್ ಆಗಿತ್ತು, ಆವಾಗಿಂದ ಹಿಂಗೇ" ಅಂತ ಶುರು ಮಾಡಿದರೆ ಐದು ನಿಮಿಷ ಟೈಫಾಯ್ಡಿಗೇ ಹೋಯಿತು. ಬದಲಿಗೆ: "ಐದು ವಾರದಿಂದ ಸಂಜೆ ಜ್ವರ, ಸೊಂಟನೋವು, ಆರು ಕೆಜಿ ಇಳಿದಿದ್ದಾರೆ. ಒಂದು ಪುಟದಲ್ಲಿ ಬರೆದು ತಂದಿದ್ದೀವಿ." ಪುಟ ಕೈಗೆ ಕೊಟ್ಟು ಸುಮ್ಮನಾಗಿ. ಅವರು ಓದಲಿ, ಕೇಳಲಿ.

ಎದ್ದು ಬರುವ ಮುಂಚೆ ಕೇಳಬೇಕಾದ ಪ್ರಶ್ನೆ ಮೂರೇ. ನಿಮಗೆ ಏನಿರಬಹುದು ಅನ್ನಿಸುತ್ತಿದೆ? ಅದಲ್ಲದಿದ್ದರೆ ಇನ್ನೇನಿರಬಹುದು? ಈ ಟೆಸ್ಟ್ ಬಂದ ಮೇಲೆ ಮುಂದೇನು ಮಾಡ್ತೀರಿ? ಉತ್ತರವನ್ನು ಅಲ್ಲೇ ಬರೆದುಕೊಳ್ಳಿ.

ಒಳಗೆ ಇಬ್ಬರಿಗಿಂತ ಜಾಸ್ತಿ ಹೋಗಬೇಡಿ. ಮತ್ತೆ, ರೋಗಿಯನ್ನು ಎರಡು ನಿಮಿಷ ಡಾಕ್ಟರ ಜೊತೆ ಒಂಟಿಯಾಗಿ ಬಿಡಿ. ಅತ್ತೆಯ ಮುಂದೆ ಸೊಸೆ ಬಿಳಿಸೆರಗಿನ ವಿಷಯ ಹೇಳುವುದಿಲ್ಲ. ಮಗನ ಮುಂದೆ ಅಪ್ಪ ಕುಡಿತದ ಲೆಕ್ಕ ಹೇಳುವುದಿಲ್ಲ. ಎಷ್ಟೋ ಸಲ ಕಾಯಿಲೆಯ ಬುಡ ಅಲ್ಲೇ ಇರುತ್ತದೆ.

ಹಂತ 9: ದಾಖಲೆ, ದುಡ್ಡು, ದೊಡ್ಡ ಆಸ್ಪತ್ರೆ

ಸ್ಕ್ಯಾನ್ ಮಾಡಿಸಿದ ಕಡೆ ಬರೀ ಫಿಲ್ಮ್ ಅಲ್ಲ, ಸಿಡಿ ಅಥವಾ ಲಿಂಕ್ ಕೇಳಿ. ಬಯಾಪ್ಸಿ ಆಗಿದ್ದರೆ ರಿಪೋರ್ಟಿನ ಜೊತೆ ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕ್ ಬೇಕಾಗುತ್ತದೆ. ದೊಡ್ಡ ಆಸ್ಪತ್ರೆಯವರು ಅದನ್ನೇ ಮತ್ತೆ ನೋಡುತ್ತಾರೆ, ಇನ್ನೊಮ್ಮೆ ಕತ್ತರಿಸುವುದು ತಪ್ಪುತ್ತದೆ. ಡಿಸ್ಚಾರ್ಜ್ ಸಮರಿ ಜೊತೆಗೆ ಒಳಗಿನ ಕೇಸ್ ಶೀಟಿನ ಪ್ರತಿ ಬೇಕಿದ್ದರೆ ಲಿಖಿತವಾಗಿ ಅರ್ಜಿ ಕೊಡಿ. ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು 3 ವರ್ಷ ಇಟ್ಟುಕೊಂಡಿರಬೇಕು ಅಂತಲೂ ಅದೇ ನಿಯಮ ಹೇಳುತ್ತದೆ. ಅರ್ಜಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಜಗಳ ಬೇಡ, ಸೀಲು ಸಾಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡಾ 30, ಹೆಚ್ಚೆಂದರೆ 1.5 ಲಕ್ಷ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಗೊತ್ತಾದ ಕಾಯಿಲೆಯ ಚಿಕಿತ್ಸೆಗೆ. ಹುಡುಕಾಟದ ಹೊರರೋಗಿ ಟೆಸ್ಟುಗಳ ಖರ್ಚು ಬಹುಪಾಲು ನಿಮ್ಮದೇ. ಅದಕ್ಕೇ ಸರ್ಕಾರಿ ಆಸ್ಪತ್ರೆಯಿಂದ ಶುರು ಮಾಡಿ ಅನ್ನುವುದು. ತುರ್ತು ಇಲ್ಲದಾಗ ಖಾಸಗಿ ಆಸ್ಪತ್ರೆಗೆ ಈ ಯೋಜನೆಯಲ್ಲಿ ಹೋಗಲು ಬೇಕಾಗುವ ರೆಫರಲ್ ಕೂಡ ಅಲ್ಲಿಂದಲೇ ಬರಬೇಕು.

ಮಿದುಳು, ನರದ್ದು ಅಂತ ಫಿಸಿಶಿಯನ್‌ಗೆ ಅನ್ನಿಸಿದರೆ ನಿಮ್ಹಾನ್ಸ್, ಹೃದಯವಾದರೆ ಜಯದೇವ, ಕ್ಯಾನ್ಸರ್ ಅನುಮಾನಕ್ಕೆ ಕಿದ್ವಾಯಿ. ಬೀದರ್, ರಾಯಚೂರಿನವರಿಗೆ ಹೈದರಾಬಾದ್ ಹತ್ತಿರ, ಬೆಳಗಾವಿ ಕಡೆಯವರು ಮಿರಜಕ್ಕೆ ಹೋಗುವುದು ಹಳೇ ರೂಢಿ. ಎಲ್ಲಿಗೇ ಹೋಗಿ, ಆ ಒಂದು ಪುಟವನ್ನು ಮೂರು ಪ್ರತಿ ಮಾಡಿಸಿಕೊಂಡು ಹೋಗಿ.

ಹಂತ 10: "ಮನಸ್ಸಿನದು" ಅಥವಾ "ದೆವ್ವದ್ದು" ಅಂದಾಗ

ಮನಸ್ಸಿನ ಕಾಯಿಲೆ ಇರುವುದು ನಿಜ. ಖಿನ್ನತೆಯಿಂದ ಮೈನೋವು, ತೂಕ ಇಳಿಯುವುದು ಎರಡೂ ಆಗುತ್ತವೆ. ಮಾನಸಿಕ ತಜ್ಞರನ್ನು ನೋಡಿ ಅಂದರೆ ಅವಮಾನ ಅಂದುಕೊಳ್ಳದೆ ನೋಡಿ. ಆದರೆ ರಿಪೋರ್ಟ್ ನಾರ್ಮಲ್ ಬಂತು ಅನ್ನುವುದೊಂದೇ ಅದಕ್ಕೆ ಕಾರಣವಾಗಬಾರದು.

ಇನ್ನೊಂದು ಕಡೆ, ಚೆನ್ನಾಗಿದ್ದ ಹುಡುಗಿ ವಾರದೊಳಗೆ ಏನೇನೋ ಮಾತಾಡುತ್ತಾಳೆ, ನಿದ್ದೆಯಿಲ್ಲ, ಬಾಯಿ ಸೊಟ್ಟ ಮಾಡುತ್ತಾಳೆ, ಫಿಟ್ಸ್ ಬರುತ್ತದೆ. ಮನೆಯವರು ತಾಯಿತ ಕಟ್ಟಿಸುತ್ತಾರೆ. ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ಬೀಳುವ ಕಾಯಿಲೆ ಹೀಗಿರುತ್ತದೆ. ಇದರ ಒಂದು ಬಗೆಯನ್ನು ವೈದ್ಯಲೋಕ ಸರಿಯಾಗಿ ಗುರುತಿಸಿದ್ದೇ 2007ರಲ್ಲಿ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಹದಿಹರೆಯದಲ್ಲಿ ಕೈ ನಡುಕ, ಅಕ್ಷರ ಕೆಡುವುದು, ಮಾತು ತೊದಲುವುದು, ಸಿಡುಕು ಕಂಡರೆ ವಿಲ್ಸನ್ ಕಾಯಿಲೆಯನ್ನು ಕೇಳಿ. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ ಅದು. ಕಣ್ಣಿನ ಡಾಕ್ಟರು ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಕರಿಗುಡ್ಡೆಯ ಅಂಚಿನಲ್ಲಿ ಉಂಗುರ ಕಾಣಬಹುದು. ಮಾತ್ರೆಯಿಂದ ಹತೋಟಿಗೆ ಬರುತ್ತದೆ. ದೇವಸ್ಥಾನಕ್ಕೆ ಹೋಗಬೇಡಿ ಅಂತ ಹೇಳುತ್ತಿಲ್ಲ. ಆಸ್ಪತ್ರೆಗೆ ಹೋಗಿ ಬಂದು ಹೋಗಿ.

ಹಂತ 11: ಜೀನ್ ಪರೀಕ್ಷೆ ಮತ್ತು ಹೆಸರು ಸಿಗದಿದ್ದಾಗ

ಮಗುವಿನ ಬೆಳವಣಿಗೆ ಹಿಂದೆ ಬಿದ್ದಿದ್ದರೆ, ಮನೆತನದಲ್ಲಿ ಇನ್ನೊಬ್ಬರಿಗೂ ಇದ್ದರೆ, ಕಲಿತಿದ್ದನ್ನು ಮಗು ಮರೆಯುತ್ತಿದ್ದರೆ ಜೀನ್ ಪರೀಕ್ಷೆಯ ಮಾತು ಬರುತ್ತದೆ. ನೇರವಾಗಿ ಲ್ಯಾಬಿಗೆ ಹೋಗಿ ಎಕ್ಸೋಮ್ ಟೆಸ್ಟ್ (ಬಹುಪಾಲು ಜೀನುಗಳನ್ನು ಒಟ್ಟಿಗೆ ಓದುವ ಪರೀಕ್ಷೆ) ಕೊಡಬೇಡಿ. ಮೊದಲು ಜೆನೆಟಿಕ್ಸ್ ಡಾಕ್ಟರು ಅಥವಾ ಕೌನ್ಸೆಲರ್. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಕೇಂದ್ರದ ಅಪರೂಪದ ಕಾಯಿಲೆಗಳ ನೀತಿಯಡಿ ಗುರುತಾಗಿವೆ. 2021ರ ಆ ನೀತಿಯಲ್ಲಿ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷದವರೆಗೆ ನೆರವಿಗೆ ಅವಕಾಶವಿದೆ. ಅರ್ಜಿ ಹೋಗಬೇಕಾದ್ದು ಇಂಥ ಗುರುತಾದ ಕೇಂದ್ರಗಳ ಮೂಲಕವೇ.

ಎಕ್ಸೋಮ್ ಎಲ್ಲವನ್ನೂ ಹಿಡಿಯುವುದಿಲ್ಲ. ಕೆಲವು ಸ್ನಾಯು, ನರದ ಕಾಯಿಲೆಗಳಿಗೆ ಬೇರೆಯೇ ಟೆಸ್ಟ್ ಬೇಕು. ತಂದೆ ತಾಯಿಯ ರಕ್ತವೂ ಜೊತೆಗಿದ್ದರೆ ಫಲಿತಾಂಶ ಬಿಡಿಸುವುದು ಸುಲಭ. ರಿಪೋರ್ಟಿನಲ್ಲಿ "ವಿಯುಎಸ್" ಅಂತ ಬಂದರೆ ಅರ್ಥ ಇನ್ನೂ ಗೊತ್ತಿಲ್ಲದ ವ್ಯತ್ಯಾಸ ಅಂತ. ಅದು ರೋಗದ ಹೆಸರಲ್ಲ. ಅದರ ಮೇಲೆ ಮದುವೆ, ಬಸಿರಿನ ತೀರ್ಮಾನ ಮಾಡಬೇಡಿ.

ಇಷ್ಟಾದರೂ ಹೆಸರು ಸಿಗದೆ ಇರಬಹುದು. ಆಗ ಮೂರು ಕೆಲಸ. ಹೆಸರಿಲ್ಲದಿದ್ದರೂ ನೋವು, ನಿದ್ದೆ, ಊಟ, ನಡಿಗೆಗೆ ಚಿಕಿತ್ಸೆ ಕೇಳಿ, ಅದಕ್ಕೆ ಕಾಯಬೇಕಾಗಿಲ್ಲ. ಮೂರು ತಿಂಗಳಿಗೊಮ್ಮೆ ಅದೇ ಡಾಕ್ಟರ ಹತ್ತಿರ ಹೋಗಿ, ಪುಟಕ್ಕೆ ಹೊಸ ಸಾಲು ಸೇರಿಸಿ. ಎಷ್ಟೋ ಕಾಯಿಲೆ ಎರಡನೇ ಲಕ್ಷಣ ಬಂದ ಮೇಲೆಯೇ ಮುಖ ತೋರಿಸುವುದು. ಹೊಸ ಗಂಟು, ಹೊಸ ದದ್ದು, ಹೊಸ ನಿಶ್ಶಕ್ತಿ ಕಂಡರೆ ಮುಂದಿನ ತಾರೀಖಿನವರೆಗೆ ಕಾಯಬೇಡಿ.

ಜೀನ್ ಪರೀಕ್ಷೆ ಆಗಿದ್ದರೆ ಒಂದೆರಡು ವರ್ಷದ ನಂತರ ಅದೇ ಡೇಟಾವನ್ನು ಮತ್ತೆ ಪರಿಶೀಲಿಸಲು ಕೇಳಬಹುದು. ಆ ಹೊತ್ತಿಗೆ ಹೊಸ ಜೀನುಗಳು ಪತ್ತೆಯಾಗಿರುತ್ತವೆ, ರಕ್ತ ಮತ್ತೆ ಕೊಡಬೇಕಾಗುವುದಿಲ್ಲ. ಅದಕ್ಕಾಗಿ ಸ್ಯಾಂಪಲ್ ನಂಬರ್, ಲ್ಯಾಬಿನ ರಸೀದಿ ಜೋಪಾನ ಮಾಡಿ. ಮೊಬೈಲ್ ನಂಬರ್ ಬದಲಾದರೆ ಲ್ಯಾಬಿಗೂ ಡಾಕ್ಟರಿಗೂ ತಿಳಿಸಿ.